ನೆಲದ ಹಿಡಿತ, ಗಾಡಿಯ ತೂಕ

ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ತಲುಪುವ ಹಳೆಯ ವಾಹನವೊಂದನ್ನು ಕೊಂಡು, ಡಾಂಬರಿಲ್ಲದ ದಾರಿಯಲ್ಲಿ ಸಾಗಲು ಮತ್ತು ಬಯಲಿನಲ್ಲಿ ರಾತ್ರಿ ತಂಗಲು ಯೋಗ್ಯವಾಗುವಂತೆ ಅದನ್ನು ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ತಿದ್ದಿಕೊಳ್ಳುವುದು ಮೇಲ್ನೋಟಕ್ಕೆ ಹವ್ಯಾಸಿಗಳ ಖಯಾಲಿಯಂತೆ ಕಂಡರೂ, ಒಳಗೆ ಅದು ಪರಸ್ಪರ ಬಿಗಿಯಾಗಿ ಹೆಣೆದುಕೊಂಡ ಹಲವು ಭೌತಿಕ ಪರಿಮಾಣಗಳೊಡನೆ ನಡೆಸುವ ಚೌಕಾಸಿಯಾಗಿರುತ್ತದೆ. ಗಾಲಿಯ ವ್ಯಾಸ ಹೆಚ್ಚಿದರೆ ಎಳೆತದ ಬಲ ಕುಗ್ಗುತ್ತದೆ. ಮೈ ಎತ್ತರವಾದರೆ ಉರುಳುವ ಅಪಾಯ ಬೆಳೆಯುತ್ತದೆ. ಸಾಮಾನು ಹೇರಿದರೆ ಬ್ರೇಕು, ಕಮಾನು ಪಟ್ಟಿ ಮತ್ತು ಟೈರು ಈ ಮೂರರ ಲೆಕ್ಕವೂ ಒಟ್ಟಿಗೆ ಬದಲಾಗುತ್ತದೆ. ಎಲ್ಲವನ್ನೂ ಒಂದೇ ಸಲ ಬದಲಾಯಿಸಿದ ವಾಹನದಲ್ಲಿ ಯಾವ ದೋಷಕ್ಕೆ ಯಾವ ಬದಲಾವಣೆ ಕಾರಣವೆಂದು ಪತ್ತೆಹಚ್ಚುವುದು ಬಹುಮಟ್ಟಿಗೆ ಅಸಾಧ್ಯವಾದ್ದರಿಂದ, ಒಂದು ತಿದ್ದುಪಡಿ ಮಾಡಿ, ಓಡಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕುವ ಕ್ರಮವು ಹಣದ ಅಭಾವದಿಂದ ಹುಟ್ಟಿದ್ದರೂ ಪ್ರಯೋಗಶಾಲೆಯ ಶಿಸ್ತಿಗೆ ಬಹಳ ಹತ್ತಿರವಾಗಿದೆ.

ಈ ಲೆಕ್ಕಾಚಾರವನ್ನು ಪರಿಶೀಲಿಸಲು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಷ್ಟು ಅನುಕೂಲವಾದ ಕೇಂದ್ರ ಸುಲಭವಾಗಿ ಸಿಗದು. ಕೃಷಿ ಸಂಶೋಧನಾ ಕೇಂದ್ರವಿರುವ ಈ ಊರು ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳ ನಡುವೆ ಇದೆ. ಒಂದು ದಿಕ್ಕಿಗೆ ಹೊರಟರೆ ಹೊನ್ನಾಳಿಯ ತುಂಗಭದ್ರಾ ದಂಡೆಯ ಕಡೆಯ ಎರೆ ಹೊಲಗಳು ಎದುರಾಗುತ್ತವೆ. ಬೇರೆ ದಿಕ್ಕುಗಳಲ್ಲಿ ಉಬ್ರಾಣಿಯ ಕುರುಚಲು ಕಾಡು ಮತ್ತು ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರದ ಕಲ್ಲುಗುಡ್ಡಗಳಿವೆ. ಪೂರ್ವೋತ್ತರಕ್ಕೆ ಸಾಗಿದರೆ, ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಜಗಳೂರಿನ ಮಸಾರಿ ನೆಲವೂ, ಕೊಂಡುಕುರಿಗಳ ರಕ್ಷಣೆಗೆಂದು 2011ರಲ್ಲಿ ಘೋಷಿತವಾದ ರಂಗಯ್ಯನದುರ್ಗ ವನ್ಯಧಾಮವೂ ಸಿಗುತ್ತವೆ. ಕೆಸರು, ಜೇಡಿ, ಕಲ್ಲು, ಗರಸು ಎಂಬ ನಾಲ್ಕು ಬಗೆಯ ನೆಲ ಅರ್ಧ ದಿನದ ಪ್ರಯಾಣದಲ್ಲಿ ಸಿಗುವುದರಿಂದ, ಒಂದಕ್ಕೆಂದು ಮಾಡಿದ ಮಾರ್ಪಾಡು ಇನ್ನೊಂದರ ಮೇಲೆ ಹೇಗೆ ಸೋಲುತ್ತದೆ ಎಂಬುದು ಇಲ್ಲಿ ಬೇಗ ಬಯಲಾಗುತ್ತದೆ.

ಮೊದಲು ವಾಹನದ ಮಾತು. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಬಿಡಿಭಾಗಗಳಾಗಿ ಬಂದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸುವ ಕೆಲಸವನ್ನು ಮಹೀಂದ್ರ ಸಂಸ್ಥೆ ಆರಂಭಿಸಿತು. ಆ ವಂಶದ ಗಾಡಿಗಳೇ ಮಲೆನಾಡಿನ ಕಾಫಿ ತೋಟಗಳಲ್ಲಿ ಗೊಬ್ಬರ ಹೊತ್ತವು, ಈಗಲೂ ಕೊಲ್ಲೂರಿನಿಂದ ಕೊಡಚಾದ್ರಿಗೆ ಯಾತ್ರಿಕರನ್ನು ಹೊರುತ್ತಿವೆ. 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿ ಸೇನೆ, ಪೊಲೀಸ್ ಮತ್ತು ಅರಣ್ಯ ಇಲಾಖೆಗಳ ಮೂಲಕ ನಾಡಿನ ಮೂಲೆಮೂಲೆಗೂ ತಲುಪಿತು. 2010ರಲ್ಲಿ ಮಹೀಂದ್ರದ ಮೊದಲ ಥಾರ್, 2020ರ ಅಕ್ಟೋಬರಿನಲ್ಲಿ ಪೂರ್ತಿ ಹೊಸದಾಗಿ ರೂಪಿಸಿದ ಎರಡನೇ ಥಾರ್ ಮಾರುಕಟ್ಟೆಗೆ ಬಂದವು. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕೈಗೆಟಕುವುದು ಈ ಮೂರು ವಂಶಗಳ ವಾಹನಗಳೇ ಆಗಿದ್ದು, ಮೂರರಲ್ಲೂ ಉಕ್ಕಿನ ಏಣಿಯಾಕಾರದ ಚಾಸಿಯ ಮೇಲೆ ಮೈಯನ್ನು ಪ್ರತ್ಯೇಕವಾಗಿ ಕೂರಿಸಿರುವುದರಿಂದ, ಮೈ ಸವೆದರೂ ಚಾಸಿ ಗಟ್ಟಿಯಾಗಿದ್ದರೆ ಗಾಡಿಗೆ ಎರಡನೇ ಆಯುಸ್ಸು ಸಿಗುತ್ತದೆ.

ಹೀಗಾಗಿ ಕೊಳ್ಳುವಾಗ ನೋಡಬೇಕಾದದ್ದು ಬಣ್ಣವನ್ನಲ್ಲ, ಚಾಸಿಯ ಪೊಳ್ಳು ಉಕ್ಕಿನ ತೊಲೆಗಳನ್ನು. ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಬೇಕು, ಲವಣವಿದ್ದರೆ ನೀರಿನ ವಿದ್ಯುದ್ವಾಹಕತೆ ಹೆಚ್ಚಿ ಆ ಕ್ರಿಯೆ ಇನ್ನೂ ಚುರುಕಾಗುತ್ತದೆ; ಆದ್ದರಿಂದಲೇ ಕರಾವಳಿಯಲ್ಲಿ ಹತ್ತು ವರ್ಷ ಓಡಿದ ಜೀಪು ಜಗಳೂರಿನಲ್ಲಿ ಇಪ್ಪತ್ತು ವರ್ಷ ಓಡಿದ ಜೀಪಿಗಿಂತ ಹೆಚ್ಚು ಕೊಳೆತಿರಬಹುದು. ಗದ್ದೆಯ ಊರಿನ ಗಾಡಿಗಳಿಗೆ ಬೇರೆಯೇ ಒಂದು ಕಾಯಿಲೆಯಿದೆ: ಗದ್ದೆಯ ರಾಡಿ ತೊಲೆಯ ಒಳಗೆ ಸೇರಿ ಒಣಗಿದಂತೆ ಕಂಡರೂ, ಜೇಡಿಯ ಕಣಗಳು ತೇವವನ್ನು ವಾರಗಟ್ಟಲೆ ಹಿಡಿದಿಟ್ಟುಕೊಂಡು ಉಕ್ಕನ್ನು ಒಳಗಿನಿಂದ ತಿನ್ನುತ್ತವೆ. ಚಿಕ್ಕ ಸುತ್ತಿಗೆಯಿಂದ ತೊಲೆಯುದ್ದಕ್ಕೂ ತಟ್ಟಿದಾಗ ಗಟ್ಟಿ ಲೋಹ ಕಣಕಣ ಎನ್ನುತ್ತದೆ, ತೆಳುವಾದ ಜಾಗ ಬೊದ್ದಾಗಿ ದನಿಗೊಡುತ್ತದೆ. ಈ ಪರೀಕ್ಷೆಗೆ ಬೇರೆ ಯಾವ ಉಪಕರಣವೂ ಬೇಡ, ಮಾರುವವನ ಮುಖಭಾವವನ್ನು ಗಮನಿಸುವ ಅವಕಾಶವೂ ಅದರೊಡನೆ ಪುಕ್ಕಟೆಯಾಗಿ ಸಿಗುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ, ಅದರ ಆಚೆಗಿನ ಗಾಡಿಗೆ ಯೋಗ್ಯತಾ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸುವ ಖರ್ಚನ್ನೂ ಬೆಲೆಯಲ್ಲೇ ಸೇರಿಸಿ ನೋಡಬೇಕು.

ಕೊಂಡ ಮೇಲಿನ ಮೊದಲ ಹಂತದಲ್ಲಿ ಹೊಸದೇನನ್ನೂ ಜೋಡಿಸದೆ, ಗಾಡಿಯನ್ನು ತಯಾರಕರು ಉದ್ದೇಶಿಸಿದ ಸ್ಥಿತಿಗೆ ಮರಳಿಸುವುದಷ್ಟೇ ಇರಬೇಕು. ಇದರಲ್ಲಿ ಮುಖ್ಯವಾದದ್ದು ಟ್ರಾನ್ಸ್‌ಫರ್ ಕೇಸ್, ಅಂದರೆ ಗೇರ್ ಪೆಟ್ಟಿಗೆಯಿಂದ ಬರುವ ಬಲವನ್ನು ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಹಂಚುವ, ಜೊತೆಗೆ ‘ಲೋ’ ಎಂಬ ಹೆಚ್ಚುವರಿ ನಿಧಾನ ಗೇರನ್ನು ಒದಗಿಸುವ ಪೆಟ್ಟಿಗೆ. ಅದರ ಮಹತ್ವವನ್ನು ಒಂದು ಲೆಕ್ಕದಿಂದ ಗ್ರಹಿಸಬಹುದು. ಎಂಜಿನ್ನಿನ ತಿರುಗುಬಲ 100 ನ್ಯೂಟನ್-ಮೀಟರ್, ಮೊದಲ ಗೇರಿನ ಅನುಪಾತ 3.5, ಅಚ್ಚಿನ ಅನುಪಾತ 4 ಎಂದಿಟ್ಟುಕೊಂಡರೆ ಗಾಲಿಗಳಿಗೆ ಒಟ್ಟು 1400 ನ್ಯೂಟನ್-ಮೀಟರ್ ತಲುಪುತ್ತದೆ. ಗಾಲಿಯ ತ್ರಿಜ್ಯ 35 ಸೆಂಟಿಮೀಟರ್ ಇದ್ದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ 4000 ನ್ಯೂಟನ್. ಒಂದೂವರೆ ಟನ್ ತೂಗುವ ಗಾಡಿಯನ್ನು ಈ ಬಲ, ಒಳಗಿನ ಸೋರಿಕೆಗಳನ್ನು ಬಿಟ್ಟು ಲೆಕ್ಕಹಾಕಿದರೆ, ಸುಮಾರು 16 ಡಿಗ್ರಿಯ ಏರನ್ನಷ್ಟೇ ಹತ್ತಿಸಬಲ್ಲದು. 2.25ರ ಅನುಪಾತದ ‘ಲೋ’ ಗೇರನ್ನು ಹಾಕಿದೊಡನೆ ಅದೇ ಬಲ 9000 ನ್ಯೂಟನ್‌ಗೆ ಏರಿ, 37 ಡಿಗ್ರಿಯ ಏರು ಕೂಡ ಲೆಕ್ಕದ ಮಟ್ಟಿಗೆ ಸಾಧ್ಯವಾಗುತ್ತದೆ. ವೇಗ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಶಕ್ತಿ ಎಲ್ಲಿಂದಲೂ ಹೊಸದಾಗಿ ಬಂದಿಲ್ಲ, ವೇಗವನ್ನು ಕೊಟ್ಟು ಬಲವನ್ನು ಪಡೆಯಲಾಗಿದೆ. ತೀರ್ಥರಾಮೇಶ್ವರದ ಕಡೆಯ ಕಲ್ಲಿನ ಜಾಡುಗಳಲ್ಲಿ ಇಳಿಯುವಾಗ ಬ್ರೇಕನ್ನು ಕಾಯಿಸದೆ ಎಂಜಿನ್ನೇ ಗಾಡಿಯನ್ನು ತಡೆಹಿಡಿಯುವುದೂ ಈ ಗೇರಿನಿಂದಲೇ.

ಹಳೆಯ ಜೀಪು, ಜಿಪ್ಸಿಗಳಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಏರ್ಪಾಡು ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾಗುತ್ತದೆ. ಸಡಿಲ ನೆಲದಲ್ಲಿ ಟೈರು ಸ್ವಲ್ಪ ಜಾರಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ, ಒಣ ಡಾಂಬರಿನಲ್ಲಿ ಜಾರಲು ಅವಕಾಶವಿಲ್ಲದೆ ಶಾಫ್ಟುಗಳು ತಿರುಚಿಕೊಂಡು ಗೇರುಗಳ ಹಲ್ಲು ಸವೆಯುತ್ತದೆ. ನಾಲ್ಕು ಗಾಲಿಯ ಓಟವನ್ನು ಡಾಂಬರಿನ ಮೇಲೆ ಬಳಸಿದವರ ಗಾಡಿಗಳೂ ಮಾರುಕಟ್ಟೆಗೆ ಬರುವುದರಿಂದ, ಟ್ರಾನ್ಸ್‌ಫರ್ ಕೇಸಿನ ಸದ್ದು ಮತ್ತು ಎಣ್ಣೆಯಲ್ಲಿನ ಲೋಹದ ಚೂರುಗಳನ್ನು ಪರೀಕ್ಷಿಸದೆ ಮುಂದಿನ ಹೆಜ್ಜೆ ಇಡುವುದು ವ್ಯರ್ಥ.

ಯಂತ್ರ ಸರಿಯಾದ ಮೇಲೆ ಬರುವ ಎರಡನೇ ಹಂತ ಟೈರು, ಮತ್ತು ಈ ಅಧ್ಯಾಯದ ಹೃದಯವಿರುವುದು ಇಲ್ಲಿಯೇ. ಗೇರು ಎಷ್ಟು ಬಲ ಕೊಟ್ಟರೂ ನೆಲ ಅದನ್ನು ತಾಳದಿದ್ದರೆ ಗಾಲಿ ಸುಮ್ಮನೆ ತಿರುಗುತ್ತದೆ. ನೆಲ ಎಷ್ಟು ತಾಳುತ್ತದೆ ಎಂಬ ಪ್ರಶ್ನೆಗೆ 1773ರಷ್ಟು ಹಿಂದೆಯೇ ಒಂದು ಉತ್ತರವನ್ನು ಕೊಟ್ಟವನು ಫ್ರಾನ್ಸಿನ ಎಂಜಿನಿಯರ್ ಕೂಲಂಬ್. ಪಿಯುಸಿ ವಿದ್ಯಾರ್ಥಿಗಳು ವಿದ್ಯುದಾವೇಶಗಳ ನಿಯಮದಿಂದ ಅರಿತಿರುವ ಆ ಕೂಲಂಬನೇ ಈತ. ಅವನ ಪ್ರಕಾರ ಮಣ್ಣಿನ ಜಾರುತಡೆಯಲ್ಲಿ, ಅಂದರೆ ಒಂದು ಪದರ ಇನ್ನೊಂದರ ಮೇಲೆ ಜಾರದಂತೆ ತಡೆಯುವ ಸಾಮರ್ಥ್ಯದಲ್ಲಿ, ಎರಡು ಪಾಲುಗಳಿವೆ: ಕಣಗಳು ಒಂದನ್ನೊಂದು ಹಿಡಿದುಕೊಂಡಿರುವ ಅಂಟು, ಮತ್ತು ಮೇಲಿನ ಒತ್ತಡಕ್ಕೆ ಅನುಗುಣವಾಗಿ ಹೆಚ್ಚುವ ಘರ್ಷಣೆ. ಜಗಳೂರಿನ ಗರಸಿನಲ್ಲಿ ಅಂಟು ನಗಣ್ಯ, ಘರ್ಷಣೆಯೇ ಎಲ್ಲ. ಅಲ್ಲಿ ಗಾಡಿ ಭಾರವಾದಷ್ಟೂ ಹಿಡಿತ ಹೆಚ್ಚುತ್ತದೆ. ಭತ್ತದ ಗದ್ದೆಯಲ್ಲಿ ಅಥವಾ ಮಳೆಯಲ್ಲಿ ನೆನೆದ ಎರೆ ನೆಲದಲ್ಲಿ ಇದು ತಿರುಗುಮುರುಗಾಗುತ್ತದೆ. ನೀರು ತುಂಬಿದ ಜೇಡಿಯ ಮೇಲೆ ಗಾಲಿ ಕೂತಾಗ ಹೆಚ್ಚುವರಿ ಒತ್ತಡವನ್ನು ಕಣಗಳಿಗಿಂತ ಮೊದಲು ಅವುಗಳ ನಡುವಿನ ನೀರೇ ಹೊತ್ತುಕೊಳ್ಳುತ್ತದೆ, ನೀರಿಗೆ ಘರ್ಷಣೆಯ ಬಲವಿಲ್ಲ, ಆದ್ದರಿಂದ ಉಳಿಯುವುದು ಅಂಟು ಮಾತ್ರ. ಅಂಟಿನಿಂದ ಬರುವ ಹಿಡಿತ ಟೈರು ನೆಲವನ್ನು ಮುಟ್ಟುವ ವಿಸ್ತೀರ್ಣವನ್ನು ಅವಲಂಬಿಸಿರುತ್ತದೆಯೇ ಹೊರತು ತೂಕವನ್ನಲ್ಲ. ಜೇಡಿಯಲ್ಲಿ ತೂಕ ಮಾಡುವ ಒಂದೇ ಕೆಲಸವೆಂದರೆ ಗಾಡಿಯನ್ನು ಹೂಳುವುದು. ಹಿಂದೆ ಇಬ್ಬರನ್ನು ಹತ್ತಿಸಿಕೊಂಡರೆ ಗಾಡಿ ಮೇಲೇಳುತ್ತದೆ ಎಂಬ ಊರಿನ ಸಲಹೆ ಗರಸಿನಲ್ಲಿ ಸರಿ, ಎರೆಯಲ್ಲಿ ತಪ್ಪು.

ಎರೆ ಮಣ್ಣಿನ ಈ ಗುಣಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಹಾಳೆಗಳಂತೆ ಪದರುಗಟ್ಟಿದ ಅದರ ಹರಳುಗಳ ನಡುವೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ನೀರು ಹೊರಟುಹೋದಾಗ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಣಗಿದಾಗ ಕಲ್ಲಿನಂತಿರುವ ಅದೇ ಜಾಡು ಒಂದು ಗಂಟೆಯ ಮಳೆಗೆ ಅಂಟುರಾಡಿಯಾಗಿ ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡು, ಹೊಸ ಟೈರನ್ನೂ ಸವೆದ ಟೈರಿನಂತೆ ನುಣುಪಾಗಿಸುತ್ತದೆ. ಇಂಥ ನೆಲದ ಮೇಲೆ ಸಾಗುವ ಚಕ್ರಗಳ ಶಾಸ್ತ್ರವನ್ನು ಇಪ್ಪತ್ತನೇ ಶತಮಾನದಲ್ಲಿ ಕಟ್ಟಿದವನು ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಂಜಿನಿಯರ್ ಮಿಯೆಚಿಸ್ವಾಫ್ ಬೆಕ್ಕರ್. 1956ರಲ್ಲಿ ಅವನ ಪ್ರಮುಖ ಗ್ರಂಥ ಪ್ರಕಟವಾಯಿತು. ಅವನ ಚಿಂತನೆಯ ಫಲ 1971ರಲ್ಲಿ ಅಪೊಲೊ 15ರ ಯಾತ್ರಿಕರೊಡನೆ ಚಂದ್ರನನ್ನು ತಲುಪಿ, ತಂತಿಯ ಬಲೆಯಿಂದ ಹೆಣೆದ ಚಕ್ರಗಳ ಗಾಡಿಯಾಗಿ ಅಲ್ಲಿನ ಧೂಳಿನ ಮೇಲೆ ಓಡಿತು. ಕತ್ತಲಗೆರೆಯ ಸುತ್ತಲಿನ ರೈತರು ಗದ್ದೆ ಕಲಸುವಾಗ ಟ್ರ್ಯಾಕ್ಟರಿಗೆ ಜೋಡಿಸುವ ಕಬ್ಬಿಣದ ಕೇಜ್‌ವೀಲ್ ಕೂಡ ಇದೇ ತತ್ತ್ವದ ಸಂತಾನ: ಅದು ಮೆತ್ತನೆಯ ನೆಲದಲ್ಲಿ ಭಾರ ಹಂಚುವ ವಿಸ್ತೀರ್ಣವನ್ನು ಹೆಚ್ಚಿಸುತ್ತದೆ, ಗಟ್ಟಿ ಡಾಂಬರಿನ ಮೇಲೆ ಮಾತ್ರ ಕೆಲವೇ ಅಂಚುಗಳ ಮೇಲೆ ಭಾರ ಕೇಂದ್ರೀಕರಿಸಿ ರಸ್ತೆಯನ್ನು ಅಗೆದುಬಿಡುತ್ತದೆ.

ಜೀಪಿಗೆ ಕೇಜ್‌ವೀಲ್ ಹಾಕಲಾಗದು, ಆದರೆ ಟೈರಿನ ಗಾಳಿ ಇಳಿಸಬಹುದು. ಟೈರು ನೆಲದ ಮೇಲೆ ಹೇರುವ ಒತ್ತಡ ಅದರೊಳಗಿನ ಗಾಳಿಯ ಒತ್ತಡಕ್ಕೆ ಸರಿಸುಮಾರು ಸಮ. ಒಂದೂವರೆ ಟನ್ನಿನ ಗಾಡಿಯ ಒಂದೊಂದು ಗಾಲಿಯ ಮೇಲೆ 375 ಕಿಲೋ ಬೀಳುತ್ತದೆ ಎಂದುಕೊಂಡರೆ, ಪಂಕ್ಚರ್ ಅಂಗಡಿಯವರು 30 ಪಾಯಿಂಟ್ ಎನ್ನುವ 30 ಪಿಎಸ್‌ಐ ಗಾಳಿಯಲ್ಲಿ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 180 ಚದರ ಸೆಂಟಿಮೀಟರ್, 15ಕ್ಕೆ ಇಳಿಸಿದರೆ ಅದರ ಇಮ್ಮಡಿ. ಇನ್ನೊಂದು ಬದಿಯಲ್ಲಿ, ಮೆತ್ತನೆಯ ಜೇಡಿ ಹೂತುಹೋಗದೆ ಹೊರಬಲ್ಲ ಒತ್ತಡ ಅದರ ಅಂಟಿನ ಸುಮಾರು ಐದು ಪಟ್ಟು ಎಂಬುದು ಕಟ್ಟಡದ ಪಾಯ ಹಾಕುವ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿರುವ ಲೆಕ್ಕ. ನೀರು ನಿಂತ ಗದ್ದೆಯ ಕೆಸರಿನ ಅಂಟನ್ನು 10 ಕಿಲೋಪ್ಯಾಸ್ಕಲ್ ಎಂದು ಹಿಡಿದರೆ ಅದು ಹೊರುವುದು 50 ಕಿಲೋಪ್ಯಾಸ್ಕಲ್, ಅಂದರೆ 7 ಪಿಎಸ್‌ಐ ಮಾತ್ರ. ಅಷ್ಟು ಕಡಿಮೆ ಗಾಳಿಯಲ್ಲಿ ಸಾಮಾನ್ಯ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಸಂಭವವಿರುವುದರಿಂದ ಅಲ್ಲಿಗೆ ಇಳಿಯದಿರುವುದೇ ಜಾಣತನ. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದ ಎರೆ ಜಾಡಿನ ಅಂಟು 25 ಕಿಲೋಪ್ಯಾಸ್ಕಲ್‌ಗೆ ಏರಿದ್ದರೆ ಅದು ಸುಮಾರು 18 ಪಿಎಸ್‌ಐ ಹೊರುತ್ತದೆ. ಆಗ 30ರ ಗಾಳಿಯ ಗಾಡಿ ಹೂತುಹೋಗುತ್ತದೆ, 16ಕ್ಕೆ ಇಳಿಸಿದ ಗಾಡಿ ದಾಟುತ್ತದೆ. ಟೈರಿನ ಗೋಡೆಯ ಬಿಗಿತ, ಹಲ್ಲಿನ ಆಕಾರ, ವೇಗ ಇವೆಲ್ಲ ಸೇರಿ ಈ ಅಂಕಿಗಳನ್ನು ಆಚೀಚೆ ಮಾಡುತ್ತವೆಯಾದರೂ ತರ್ಕ ಬದಲಾಗುವುದಿಲ್ಲ.

ಆದ್ದರಿಂದ ಒಂದು ಒತ್ತಡಮಾಪಕ ಮತ್ತು ಬ್ಯಾಟರಿಯಿಂದ ಓಡುವ ಸಣ್ಣ ಕಂಪ್ರೆಸರ್ ಈ ಇಡೀ ಹವ್ಯಾಸದಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ನೀಡುವ ಖರೀದಿ ಎಂದರೆ ಅತಿಶಯೋಕ್ತಿಯಲ್ಲ. ಅಂಗಡಿಗಳು ಅದನ್ನು ಕೊನೆಗೆ ತೋರಿಸುವುದು ಬೇರೆ ಮಾತು. ಕಂಪ್ರೆಸರ್ ಏಕೆಂದರೆ, ಡಾಂಬರಿಗೆ ಮರಳುವ ಮುನ್ನ ಗಾಳಿ ತುಂಬಲೇಬೇಕು: ಸಡಿಲ ಟೈರು ಪ್ರತಿ ಸುತ್ತಿನಲ್ಲೂ ಬಾಗಿ ನೇರವಾಗುವಾಗ ರಬ್ಬರು ಶಕ್ತಿಯ ಒಂದು ಪಾಲನ್ನು ಶಾಖವಾಗಿ ಕಳೆಯುತ್ತದೆ, ವೇಗ ಹೆಚ್ಚಿದಂತೆ ಆ ಶಾಖ ಗೋಡೆಯ ಪದರಗಳನ್ನು ಬಿಡಿಸಿ ಟೈರನ್ನು ಒಡೆಯುತ್ತದೆ. ದೊಡ್ಡ ವ್ಯಾಸದ ಟೈರಿನ ಆಸೆಯೂ ಈ ಹಂತದಲ್ಲೇ ಹುಟ್ಟುತ್ತದೆ. ತ್ರಿಜ್ಯ 35ರಿಂದ 39 ಸೆಂಟಿಮೀಟರಿಗೆ ಏರಿದರೆ ಅಚ್ಚಿನ ಕೆಳಗೆ 4 ಸೆಂಟಿಮೀಟರ್ ಹೆಚ್ಚು ಜಾಗ ಸಿಗುತ್ತದೆ, ನಿಜ. ಆದರೆ ಅದೇ ತಿರುಗುಬಲಕ್ಕೆ ಸಿಗುವ ತಳ್ಳುಬಲ ಹತ್ತನೇ ಒಂದು ಭಾಗದಷ್ಟು ಕುಗ್ಗುತ್ತದೆ, ಬ್ರೇಕಿನ ಪ್ರಭಾವವೂ ಅಷ್ಟೇ ಇಳಿಯುತ್ತದೆ, ವೇಗಮಾಪಕ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಹೂತ ಗಾಡಿಯನ್ನು ಎತ್ತುವ ಸಾಧನಗಳ ವಿಷಯದಲ್ಲಿ ಈ ಸೀಮೆಗೆ ಆಮದಿನ ಪ್ಲಾಸ್ಟಿಕ್ ಹಲಗೆಗಳ ಅಗತ್ಯ ಕಡಿಮೆ. ಚನ್ನಗಿರಿಯ ತೋಟಗಳಲ್ಲಿ ಅಡಿಕೆ ಮರವನ್ನು ಸೀಳಿದ ದಬ್ಬೆ, ತೆಂಗಿನ ಗರಿ, ಗದ್ದೆಯಂಚಿನ ಭತ್ತದ ಹುಲ್ಲು ಇವೆಲ್ಲವೂ ಗಾಲಿಯ ಕೆಳಗಿನ ವಿಸ್ತೀರ್ಣ ಹೆಚ್ಚಿಸುವ ಕೆಲಸವನ್ನು ಚೆನ್ನಾಗಿ ಮಾಡುತ್ತವೆ, ಮತ್ತು ಕರೆದರೆ ಬರುವ ಟ್ರ್ಯಾಕ್ಟರು ಗಾಡಿಯ ಮುಂದೆ ಕೂರಿಸುವ ಎಳೆಯಂತ್ರವಾದ ವಿಂಚಿನ ಅಗತ್ಯವನ್ನೂ ಕಡಿಮೆ ಮಾಡುತ್ತದೆ. ಎಚ್ಚರ ಬೇಕಾದದ್ದು ಹಗ್ಗದ ಬಗ್ಗೆ. ಎಳೆತಕ್ಕೆ ಹಿಗ್ಗುವ ನೈಲಾನ್ ಹಗ್ಗ ಟ್ರ್ಯಾಕ್ಟರಿನ ಚಲನೆಯನ್ನು ತನ್ನೊಳಗೆ ಸ್ಥಿತಿಸ್ಥಾಪಕ ಶಕ್ತಿಯಾಗಿ ಕೂಡಿಟ್ಟು ಮೆಲ್ಲಗೆ ಗಾಡಿಗೆ ದಾಟಿಸುತ್ತದೆ. ಹಿಗ್ಗದ ಸರಪಣಿಯಲ್ಲಿ ಅದೇ ಎಳೆತ ಒಂದು ಕ್ಷಣದ ಜಗ್ಗಾಗಿ ಬಂದು ಕೊಂಡಿಯನ್ನು ಮುರಿಯುತ್ತದೆ. ಹಿಗ್ಗಿದ ಹಗ್ಗದ ಕೊಂಡಿ ಕಿತ್ತರೆ ಅದು ಹಾರುವ ವೇಗ ಪ್ರಾಣಾಪಾಯಕಾರಿ. ಹೀಗಾಗಿ ಹಗ್ಗವನ್ನು ಬಂಪರಿಗಲ್ಲದೆ ಚಾಸಿಗೆ ಬೋಲ್ಟು ಮಾಡಿದ ಕೊಕ್ಕೆಗೇ ಕಟ್ಟಬೇಕು, ಅದರ ಆಸುಪಾಸಿನಲ್ಲಿ ಯಾರೂ ನಿಲ್ಲಬಾರದು.

ಮೂರನೇ ಹಂತ ತೂಕದ್ದು, ಮತ್ತು ಹೆಚ್ಚಿನ ಹಳೆಯ ಗಾಡಿಗಳು ಹಾಳಾಗುವುದು ಇಲ್ಲಿ. ಜಿಪ್ಸಿಯಂಥ ಸುಮಾರು ಒಂದು ಟನ್ನಿನ ವಾಹನ ಹೊರಬಲ್ಲ ಭಾರ ಜನರೂ ಸೇರಿ ಹೆಚ್ಚುಕಡಿಮೆ ಅರ್ಧ ಟನ್. ನಾಲ್ಕು ಜನರಿಗೆ 280 ಕಿಲೋ, ನೀರಿಗೆ 40, ಚಾವಣಿಯ ಮೇಲೆ ಬಿಚ್ಚಿಕೊಳ್ಳುವ ಡೇರೆಗೆ 60, ಅದನ್ನು ಹೊರುವ ಕ್ಯಾರಿಯರಿಗೆ 30, ಉಕ್ಕಿನ ಬಂಪರ್ ಮತ್ತು ವಿಂಚಿಗೆ 80, ಎರಡನೇ ಬ್ಯಾಟರಿಗೆ 25, ಫ್ರಿಜ್ಜು ಮತ್ತು ಆಹಾರಕ್ಕೆ 30, ಸಲಕರಣೆಗಳಿಗೆ 40 ಎಂದು ಕೂಡಿಸಿದರೆ 585 ಕಿಲೋ ಆಗುತ್ತದೆ. ಇದರಲ್ಲಿ ಯಾವುದೂ ಐಷಾರಾಮವೆಂದು ಹೇಳುವಂತಿಲ್ಲ, ಮೊತ್ತ ಮಾತ್ರ ಮಿತಿ ಮೀರಿದೆ. ಕಮಾನು ಪಟ್ಟಿ ಗಟ್ಟಿಯಾಗಿಸಿದರೆ ಸಾಕೆಂಬುದು ಗ್ಯಾರೇಜುಗಳ ಸಿದ್ಧ ಉತ್ತರ. ಆದರೆ ಪಟ್ಟಿಯ ಬಿಗಿತ ಮತ್ತು ಅದು ಹೊತ್ತ ಭಾರದ ಅನುಪಾತವೇ ಗಾಡಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ತೂಗುತ್ತದೆಂಬುದನ್ನು ನಿರ್ಧರಿಸುತ್ತದೆ. ಸೆಕೆಂಡಿಗೆ ಒಂದು, ಒಂದೂಕಾಲು ತೂಗು ಮೈಗೆ ಹಿತ. ಅದಕ್ಕೆ ಪಟ್ಟಿ ಭಾರದಡಿಯಲ್ಲಿ 16ರಿಂದ 25 ಸೆಂಟಿಮೀಟರ್ ತಗ್ಗುವಷ್ಟು ಮೆತ್ತಗಿರಬೇಕು. ಪೂರ್ತಿ ಭಾರಕ್ಕೆಂದು ಬಿಗಿಗೊಳಿಸಿದ ಪಟ್ಟಿ ಖಾಲಿ ಗಾಡಿಯನ್ನು ಸೆಕೆಂಡಿಗೆ ಎರಡು ಸಲ ಕುಲುಕುತ್ತದೆ, ಗಾಲಿ ನೆಲ ಬಿಟ್ಟು ಪುಟಿಯುತ್ತದೆ, ಪುಟಿದ ಗಾಲಿಗೆ ಹಿಡಿತವಿಲ್ಲ. ವರ್ಷದಲ್ಲಿ ಹೆಚ್ಚು ದಿನ ಗಾಡಿ ಹೊರುವ ಭಾರವೆಷ್ಟೋ ಅದಕ್ಕೆ ತಕ್ಕ ಪಟ್ಟಿಯನ್ನು, ಆ ಭಾರ ಗೊತ್ತಾದ ಮೇಲಷ್ಟೇ ಆರಿಸಬೇಕು.

ತೂಕ ಎಷ್ಟು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಗಾಲಿಗಳ ನಡುವಿನ ಅಗಲ 1.3 ಮೀಟರ್, ಗುರುತ್ವ ಕೇಂದ್ರದ ಎತ್ತರ 0.7 ಮೀಟರ್ ಇರುವ ಗಾಡಿ ಕಾಗದದ ಮೇಲೆ ಸುಮಾರು 43 ಡಿಗ್ರಿ ಪಕ್ಕಕ್ಕೆ ವಾಲುವವರೆಗೂ ಉರುಳುವುದಿಲ್ಲ. ಒಂದೂವರೆ ಟನ್ನಿನ ಆ ಗಾಡಿಯ ಚಾವಣಿಯ ಮೇಲೆ, ನೆಲದಿಂದ 1.9 ಮೀಟರ್ ಎತ್ತರದಲ್ಲಿ, 60 ಕಿಲೋ ಇಟ್ಟರೆ ಮಿತಿ 41ಕ್ಕೆ ಇಳಿಯುತ್ತದೆ. ಅದರ ಮೇಲೆ ಸಸ್ಪೆನ್ಷನ್ ಐದು ಸೆಂಟಿಮೀಟರ್ ಎತ್ತರಿಸಿದರೆ ಸುಮಾರು 39. ನಾಲ್ಕು ಡಿಗ್ರಿ ಅಲ್ಪವೆನ್ನಿಸಬಹುದು, ಆದರೆ ನಿಜವಾದ ದಾರಿಯಲ್ಲಿ ಪಟ್ಟಿ ಒಂದು ಬದಿಗೆ ಕುಸಿಯುವುದು, ಮೇಲ್ಬದಿಯ ಗಾಲಿ ಕಲ್ಲು ಹತ್ತುವುದು, ಚಾಲಕ ಹಠಾತ್ತನೆ ತಿರುಗಿಸುವುದು ಇವೆಲ್ಲ ಸೇರಿ ಮಿತಿಯ ಬಹುಪಾಲನ್ನು ಮೊದಲೇ ತಿಂದುಹಾಕಿರುತ್ತವೆ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಸಮಾಧಿಯಿರುವ, ಶಿವಾಜಿಯ ತಂದೆ ಶಹಾಜಿ 1664ರಲ್ಲಿ ಬೇಟೆಯ ವೇಳೆ ಕುದುರೆಯಿಂದ ಬಿದ್ದು ಸತ್ತನೆಂದು ಇತಿಹಾಸ ಹೇಳುತ್ತದೆ. ಈ ನೆಲದ ಮೇಲೆ ಎತ್ತರದಲ್ಲಿ ಕೂತು ವೇಗವಾಗಿ ಸಾಗುವುದರ ಅಪಾಯ ಎಂಜಿನ್ನಿಗಿಂತ ಹಳೆಯದು.

ಕಾನೂನು ಕೂಡ ಇಲ್ಲಿ ಭೌತಶಾಸ್ತ್ರದ ಪಕ್ಕದಲ್ಲೇ ನಿಲ್ಲುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಮುಂಭಾಗಕ್ಕೆ ಹಾಕುವ ಉಕ್ಕಿನ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಆ ಗಾರ್ಡು ಡಿಕ್ಕಿಯ ಬಲವನ್ನು ಹೀರದೆ ನೇರ ಚಾಸಿಗೆ ಸಾಗಿಸುತ್ತದೆ, ಪಾದಚಾರಿಗೆ ಹೆಚ್ಚು ಪೆಟ್ಟು ಮಾಡುತ್ತದೆ, ಏರ್‌ಬ್ಯಾಗಿನ ಸಂವೇದಕಗಳನ್ನು ಗಲಿಬಿಲಿಗೊಳಿಸಬಹುದು. ಗಾಡಿಯ ಒಳಗೆ ಬಿಚ್ಚಿ ತೆಗೆಯಬಹುದಾದ ಹಲಗೆ, ಪೆಟ್ಟಿಗೆ, ಹಾಸಿಗೆಗಳನ್ನು ಇಟ್ಟುಕೊಳ್ಳುವವರು ಸಾಮಾನ್ಯವಾಗಿ ಈ ತೊಡಕಿಗೆ ಸಿಕ್ಕಿಕೊಳ್ಳುವುದಿಲ್ಲ.

ನೀರಿನ ಬಗ್ಗೆ ಒಂದು ಅಗ್ಗದ ತಿದ್ದುಪಡಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹೊಸ ಥಾರಿಗೆ ತಯಾರಕರು 650 ಮಿಲಿಮೀಟರ್ ಆಳದವರೆಗೆ ಇಳಿಯಬಹುದೆಂದು ಹೇಳುತ್ತಾರೆ, ಆದರೆ ಹಳೆಯ ಗಾಡಿಗಳು ಅದಕ್ಕಿಂತ ಎಷ್ಟೋ ಕಡಿಮೆ ಆಳದಲ್ಲಿ ಒಳಗೊಳಗೇ ಕೆಡುತ್ತವೆ. ಗಂಟೆಗಟ್ಟಲೆ ಓಡಿ ಬಂದ ಅಚ್ಚಿನ ಹೌಸಿಂಗಿನೊಳಗಿನ ಗಾಳಿ 70 ಡಿಗ್ರಿಯಲ್ಲಿದ್ದು, ಹಳ್ಳಕ್ಕೆ ಇಳಿದೊಡನೆ 25ಕ್ಕೆ ತಣಿದರೆ, ಅದರ ಒತ್ತಡ ಶೇಕಡಾ 13ರಷ್ಟು ಕುಸಿದು ಸೀಲುಗಳ ಸಂದಿನಿಂದ ನೀರನ್ನು ಒಳಕ್ಕೆಳೆಯುತ್ತದೆ. ಗೇರಿನ ಎಣ್ಣೆ ಕೆಲವೇ ದಿನಗಳಲ್ಲಿ ಹಾಲಿನಂತಾಗಿ ಬೇರಿಂಗುಗಳು ಸವೆಯುತ್ತವೆ. ಹೌಸಿಂಗಿನ ಉಸಿರುನಳಿಕೆಗೆ ಒಂದೆರಡು ಮೀಟರ್ ರಬ್ಬರ್ ಪೈಪು ಜೋಡಿಸಿ ಎಂಜಿನ್ನಿನ ಮೇಲ್ಭಾಗದವರೆಗೆ ಒಯ್ದರೆ ಒಳಗೆ ಹೋಗುವುದು ಒಣ ಗಾಳಿ ಮಾತ್ರ. ಎಂಜಿನ್ನಿಗೆ ಎತ್ತರದ ಗಾಳಿಕೊಳವೆ ಹಾಕಿಸಿದವರು ಹರಿಯುವ ನೀರಿಗೂ ಧೈರ್ಯವಾಗಿ ಇಳಿಯುವುದುಂಟು. ಹರಿವಿನ ತಳ್ಳುಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಮುಳುಗಿದ ಮೈಯ ಪ್ರತಿ ಘನ ಮೀಟರಿಗೂ ಒಂದು ಟನ್ ಭಾರ ಗಾಲಿಗಳಿಂದ ಕಳೆದುಹೋಗುತ್ತದೆ, ಕೊಳವೆ ಇವೆರಡನ್ನೂ ತಡೆಯಲಾರದು. ಮಳೆಗಾಲದಲ್ಲಿ ಕೋಡಿ ಬಿದ್ದ ಸೂಳೆಕೆರೆಯ ಹಳ್ಳವನ್ನಾಗಲಿ ತುಂಬಿದ ತುಂಗಭದ್ರೆಯನ್ನಾಗಲಿ ಯಾವ ಮಾರ್ಪಾಡೂ ದಾಟುವಂತೆ ಮಾಡುವುದಿಲ್ಲ.

ವಿದ್ಯುತ್ತು ಕೊನೆಯ ಹಂತವಾಗಿದ್ದರೆ ಒಳ್ಳೆಯದು, ಏಕೆಂದರೆ ಅಷ್ಟರಲ್ಲಿ ನಿಜವಾದ ಅಗತ್ಯ ಸ್ಪಷ್ಟವಾಗಿರುತ್ತದೆ. ಎಂಜಿನ್ ಹೊತ್ತಿಸುವ ಸೀಸ-ಆಮ್ಲದ ಬ್ಯಾಟರಿ ಕ್ಷಣಕಾಲ ನೂರಾರು ಆಂಪಿಯರ್ ಕೊಡಲು ರಚಿತವಾದದ್ದು, ರಾತ್ರಿಯಿಡೀ ಬರಿದಾಗುವುದಕ್ಕಲ್ಲ. ಜಗಳೂರಿನ ಬೇಸಿಗೆಯಲ್ಲಿ ಸಣ್ಣ ಫ್ರಿಜ್ಜು ದಿನಕ್ಕೆ ಸುಮಾರು 600 ವ್ಯಾಟ್-ಗಂಟೆ ಬೇಡಬಹುದು. 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಎರಡು ಪಟ್ಟು ಕೊಡುತ್ತದೆ ಮತ್ತು ಅದೇ ಸಾಮರ್ಥ್ಯದ ಸೀಸದ ಬ್ಯಾಟರಿಯ ಅರ್ಧಕ್ಕಿಂತ ಕಡಿಮೆ ತೂಗುತ್ತದೆ. ತಂತಿಯಲ್ಲಿ ಜಿಪುಣತನ ಸಲ್ಲದು: ಹತ್ತು ಆಂಪಿಯರ್ ವಿದ್ಯುತ್ತು ಒಂದೂವರೆ ಚದರ ಮಿಲಿಮೀಟರ್ ತಂತಿಯಲ್ಲಿ ಹೋಗಿ ಬರುವ ಹತ್ತು ಮೀಟರಿನಲ್ಲಿ ಒಂದು ವೋಲ್ಟಿಗೂ ಹೆಚ್ಚು ಕಳೆದುಕೊಳ್ಳುತ್ತದೆ, ಹನ್ನೆರಡು ವೋಲ್ಟಿನ ವ್ಯವಸ್ಥೆಯಲ್ಲಿ ಅದು ಫ್ರಿಜ್ಜನ್ನು ನಿಲ್ಲಿಸಲು ಸಾಕು. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ನೀರು ತಣಿಸುವುದಷ್ಟೇ ಬೇಕಿದ್ದರೆ ಒಣಹವೆಯ ಜಗಳೂರಿನಲ್ಲಿ ಮಣ್ಣಿನ ಮಡಕೆಯೇ ಸಾಕು. ಆವಿಯಾಗುವ ಪ್ರತಿ ಲೀಟರ್ ನೀರು ಸುಮಾರು 2400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ, ಮಳೆಗಾಲದ ಚನ್ನಗಿರಿಯಲ್ಲಿ ಮಾತ್ರ ಆ ಮಡಕೆ ನಿರುಪಯೋಗಿ. ಗಾಡಿಯೊಳಗೇ ಮಲಗುವವರು ಎರಡು ಬದಿಯ ಕಿಟಕಿಗಳನ್ನು ಸ್ವಲ್ಪ ತೆರೆದಿಡಬೇಕು, ಉಸಿರಿನ ತೇವ ಗಾಜಿನ ಮೇಲೆ ಇಳಿಯದಿರಲು. ಒಲೆಯನ್ನಂತೂ ಒಳಗೆ ಉರಿಸಲೇಬಾರದು, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ರಂಗಯ್ಯನದುರ್ಗದಂಥ ವನ್ಯಧಾಮಗಳ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲವಾದ್ದರಿಂದ ಬಿಡಾರದ ಜಾಗ ಅದರ ಗಡಿಯಾಚೆಗಿನ ಹೊಲವೋ ಪರಿಚಿತರ ತೋಟವೋ ಆಗಿರುತ್ತದೆ.

ಪ್ರತಿ ಹಂತದ ನಂತರ ಮಾಡಬೇಕಾದ ಒಂದು ಅಳತೆಗೆ ಚನ್ನಗಿರಿಯಲ್ಲಿ ಕೊರತೆಯಿಲ್ಲ: ಭತ್ತ, ಮೆಕ್ಕೆಜೋಳದ ಲಾರಿಗಳನ್ನು ತೂಗುವ ವೇಬ್ರಿಡ್ಜು. ಮೊದಲು ಇಡೀ ಗಾಡಿಯನ್ನು, ಆಮೇಲೆ ಮುಂದಿನ ಗಾಲಿಗಳನ್ನಷ್ಟೇ ತಟ್ಟೆಯ ಮೇಲಿಟ್ಟು ತೂಗಿದರೆ ಎರಡು ಅಚ್ಚುಗಳ ಪಾಲು ತಿಳಿಯುತ್ತದೆ. ಮುಂದಿನ ಅಚ್ಚಿಗಿಂತ 70 ಸೆಂಟಿಮೀಟರ್ ಮುಂದೆ ಕೂರಿಸಿದ 70 ಕಿಲೋ ಭಾರ ಸನ್ನೆಕೋಲಿನ ನಿಯಮದಂತೆ ಆ ಅಚ್ಚಿನ ಮೇಲೆ 90 ಕಿಲೋ ಹೇರಿ, ಹಿಂದಿನದರಿಂದ 20 ಕಿಲೋ ಕಳೆದಿರುವುದು ಅಲ್ಲಿನ ಚೀಟಿಯಲ್ಲಿ ಕಾಣಿಸುತ್ತದೆ. ಆ ಚೀಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತ ಮಾಲೀಕರು ಸಾಮಾನ್ಯವಾಗಿ ಮೊದಲು ಕಳಚುವುದು ಚಾವಣಿಯ ಡೇರೆಯನ್ನು. ಅಡಿಹಾಸು ಮತ್ತು ಜಿಪ್ಪು ಇರುವ ನೆಲದ ಡೇರೆ ಹಾವು ಚೇಳುಗಳನ್ನು ಹೊರಗಿಡುತ್ತದೆ, ತೂಗುವುದು ನಾಲ್ಕೈದು ಕಿಲೋ. ಉಳಿದ 50 ಕಿಲೋಗಿಂತ ಹೆಚ್ಚಿನ ತೂಕವನ್ನು ನೀರಾಗಿಸಿ ಸೀಟಿನ ಹಿಂದೆ, ಚಾಸಿಗೆ ಹತ್ತಿರವಾಗಿ ಇಟ್ಟರೆ, ಜಗಳೂರಿನ ಬಿಸಿಲಿನಲ್ಲಿ ಇಬ್ಬರಿಗೆ ಐದು ದಿನ ಕುಡಿಯಲು ಮತ್ತು ಅಡುಗೆಗೆ ಸಾಲುತ್ತದೆ.